ಆಂಟಿವೈರಸ್ ಕೊಳ್ಳುವ ಮೊದಲು: ಮನೆಯ ಕಂಪ್ಯೂಟರನ್ನು ಕಾಪಾಡಿಕೊಳ್ಳುವ ಹಂತಗಳು

ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಯಾವ ಆಂಟಿವೈರಸ್ ಹಾಕಿಸಿಕೊಳ್ಳಲಿ?" ಒಂದು ಹೆಸರು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹಾಗೆ ಮಾಡಿದರೆ ಕೇಳಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ದುಡ್ಡು ಕೊಟ್ಟು ತಂದ ಆಂಟಿವೈರಸ್ ಇದ್ದೂ ಇಮೇಲ್ ಖಾತೆ ಕಳೆದುಕೊಂಡವರಿದ್ದಾರೆ, ಹತ್ತು ವರ್ಷಗಳ ಫೋಟೋಗಳನ್ನು ಕಳೆದುಕೊಂಡವರಿದ್ದಾರೆ. ಅವರಲ್ಲಿ ಬಹುಪಾಲು ಜನರ ಕಂಪ್ಯೂಟರಿಗೆ ಯಾರೂ ಬೀಗ ಮುರಿದು ನುಗ್ಗಿರುವುದಿಲ್ಲ. ಬಾಗಿಲು ಒಳಗಿನಿಂದಲೇ ತೆರೆದಿರುತ್ತದೆ. ಆದ್ದರಿಂದ ಆಂಟಿವೈರಸ್ ವಿಷಯ ಈ ಲೇಖನದಲ್ಲಿ ನಾಲ್ಕನೆಯ ಹಂತದಲ್ಲಿ ಬರುತ್ತದೆ, ಅದೂ ಕೆಲವೇ ಸಾಲುಗಳಲ್ಲಿ.

ಇಲ್ಲಿ ಹೇಳುವ ಕೆಲಸಕ್ಕೆ ಬೇಕಾಗುವುದು ಇಷ್ಟು: ಬಿಡುವಾದ ಒಂದು ಮಧ್ಯಾಹ್ನ, ನಿಮ್ಮ ಮೊಬೈಲ್, ಒಂದು ನೋಟ್‌ಪುಸ್ತಕ, ಕಡತಗಳ ಪ್ರತಿ ಇಡಲು ಒಂದು ಹೊರಗಿನ ಹಾರ್ಡ್ ಡಿಸ್ಕ್. ತಾಂತ್ರಿಕ ಜ್ಞಾನ ಬೇಕಿಲ್ಲ. ಹಂತಗಳನ್ನು ಮಾತ್ರ ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡನ್ನು ಮಾಡಿ ದಣಿದು ನಿಲ್ಲಿಸಿದರೂ ಅರ್ಧಕ್ಕಿಂತ ಹೆಚ್ಚು ಅಪಾಯ ಕಳೆದಂತೆ ಎಂಬುದು ನನ್ನ ಅಂದಾಜು.

ಮೊದಲು ಎದುರಾಳಿಯನ್ನು ತಿಳಿಯೋಣ

ಹ್ಯಾಕರ್ ಎಂಬ ಪದಕ್ಕೆ ಮೊದಲು ಕೆಟ್ಟ ಅರ್ಥವಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ಶಿಕ್ಷಣ ಸಂಸ್ಥೆಯ ಮಾದರಿ ರೈಲು ಸಂಘದ ವಿದ್ಯಾರ್ಥಿಗಳು, ಯಂತ್ರವೊಂದರಿಂದ ಯಾರೂ ಊಹಿಸದ ಕೆಲಸ ಮಾಡಿಸುವ ಜಾಣ ಉಪಾಯವನ್ನು 'ಹ್ಯಾಕ್' ಎನ್ನುತ್ತಿದ್ದರು. ಆ ಕುತೂಹಲದ ಪರಂಪರೆ ಇಂದಿಗೂ ಇದೆ. ಅನುಮತಿ ಪಡೆದು ತಂತ್ರಾಂಶಗಳಲ್ಲಿ ದೋಷ ಹುಡುಕಿ, ತಯಾರಿಸಿದವರಿಗೆ ತಿಳಿಸುವ ಹ್ಯಾಕರ್‌ಗಳ ಶ್ರಮದಿಂದ ನಿಮ್ಮ ಕಂಪ್ಯೂಟರಿಗೆ ಎಷ್ಟೋ ಅಪ್‌ಡೇಟ್‌ಗಳು ಬರುತ್ತವೆ. ನಾವು ಎಚ್ಚರ ವಹಿಸಬೇಕಾದದ್ದು ಅದೇ ವಿದ್ಯೆಯನ್ನು ಕಳ್ಳತನಕ್ಕೆ ಬಳಸುವವರ ಬಗ್ಗೆ.

"ನನ್ನಂಥ ಸಾಮಾನ್ಯನ ಕಂಪ್ಯೂಟರಿನಲ್ಲಿ ಅವರಿಗೆ ಸಿಗುವುದೇನು?" ಎಂಬ ಮಾತನ್ನು ತುಂಬ ಕೇಳಿದ್ದೇನೆ. ಎಲ್ಲಕ್ಕಿಂತ ಅಪಾಯಕಾರಿ ಯೋಚನೆ ಇದು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ತಾನೇ ಹರಡುವ ಪ್ರೋಗ್ರಾಂ ಸುಮಾರು 6,000 ಕಂಪ್ಯೂಟರುಗಳನ್ನು ತಟ್ಟಿತು ಎಂದು ಆಗ ಅಂದಾಜು ಮಾಡಿದ್ದರು. ಆ ಪ್ರೋಗ್ರಾಂ ಯಾರನ್ನೂ ಆರಿಸಿಕೊಳ್ಳಲಿಲ್ಲ. ತಿಳಿದಿದ್ದ ದೋಷಗಳನ್ನು ಬಳಸಿತು, ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸಿತು, ತೆರೆದುಕೊಂಡ ಕಡೆ ಒಳಹೊಕ್ಕಿತು. ಇಂದಿನ ದಾಳಿಗಳಲ್ಲಿ ಹೆಚ್ಚಿನವೂ ಹೀಗೆಯೇ ನಡೆಯುತ್ತವೆ. ನಿಮ್ಮ ಬಾಗಿಲನ್ನು ತಳ್ಳಿ ನೋಡುವುದು ಮನುಷ್ಯನಲ್ಲ, ದಣಿವಿಲ್ಲದ ಒಂದು ಪ್ರೋಗ್ರಾಂ. ನೀವು ದೊಡ್ಡವರೋ ಚಿಕ್ಕವರೋ ಅದಕ್ಕೆ ತಿಳಿಯದು. ಒಳಗೆ ಬಂದ ಮೇಲೆ ಬ್ಯಾಂಕ್ ಖಾತೆ ಸಿಕ್ಕಿದರೆ ಬ್ಯಾಂಕ್ ಖಾತೆ. ಏನೂ ಸಿಗದಿದ್ದರೆ ನಿಮ್ಮ ಯಂತ್ರವನ್ನೇ ಇನ್ನೊಬ್ಬರ ಮೇಲಿನ ದಾಳಿಗೆ ದುಡಿಸಿಕೊಳ್ಳುತ್ತದೆ.

ಒಳಬರುವ ದಾರಿಗಳು ಮುಖ್ಯವಾಗಿ ಮೂರು. ಎಲ್ಲೋ ಸೋರಿಹೋದ ನಿಮ್ಮ ಪಾಸ್‌ವರ್ಡ್. ಸರಿಪಡಿಸದೆ ಬಿಟ್ಟ ತಂತ್ರಾಂಶದ ದೋಷ. ಮತ್ತು ನೀವೇ, ನಂಬಿಸಲ್ಪಟ್ಟು, ಒತ್ತಿದ ಗುಂಡಿ.

ಹಂತ 1: ಇಮೇಲ್ ಖಾತೆಗೆ ಮೊದಲ ಬೀಗ

ಬ್ಯಾಂಕಿಗಿಂತ ಮೊದಲು ಇಮೇಲ್ ಏಕೆ? ನೀವು ಬಳಸುವ ಬಹುತೇಕ ಎಲ್ಲ ಜಾಲತಾಣಗಳಲ್ಲೂ "ಪಾಸ್‌ವರ್ಡ್ ಮರೆತಿರಾ?" ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹೊಸ ಪಾಸ್‌ವರ್ಡ್ ಹಾಕುವ ಕೊಂಡಿ ಬರುವುದು ನಿಮ್ಮ ಇಮೇಲಿಗೆ. ಇಮೇಲ್ ಕೈಸೇರಿದವನಿಗೆ ಉಳಿದ ಬೀಗದ ಕೈಗಳ ಗೊಂಚಲೇ ಸಿಕ್ಕಂತೆ.

ಇಂದೇ ಮಾಡಬೇಕಾದದ್ದು:

ಬೇರೆಲ್ಲೂ ಬಳಸಿರದ, ಉದ್ದವಾದ ಹೊಸ ಪಾಸ್‌ವರ್ಡ್ ಹಾಕಿ. ಬಳಿಕ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಹಂತದ ದೃಢೀಕರಣವನ್ನು ಆನ್ ಮಾಡಿ. ಪಾಸ್‌ವರ್ಡ್ ಜೊತೆಗೆ ನಿಮ್ಮ ಕೈಯಲ್ಲಿರುವ ಇನ್ನೊಂದು ವಸ್ತುವಿನಿಂದಲೂ ನೀವೇ ಎಂದು ತೋರಿಸಿಕೊಡುವ ವ್ಯವಸ್ಥೆ ಇದು. ಇದರಲ್ಲಿ ಮೂರು ಬಗೆಗಳಿವೆ. ಎಸ್‌ಎಂಎಸ್ ಮೂಲಕ ಬರುವ ಅಂಕಿ ಎಲ್ಲಕ್ಕಿಂತ ದುರ್ಬಲ. ವಂಚಕರು ಮೊಬೈಲ್ ಕಂಪನಿಯನ್ನು ನಂಬಿಸಿ ನಿಮ್ಮ ಸಂಖ್ಯೆಯನ್ನು ತಮ್ಮ ಸಿಮ್‌ಗೆ ವರ್ಗಾಯಿಸಿಕೊಂಡ ಪ್ರಕರಣಗಳಿವೆ. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಅಂಕಿ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಉತ್ತಮ. ಎಲ್ಲಕ್ಕಿಂತ ಗಟ್ಟಿಯಾದದ್ದು ಪಾಸ್‌ಕೀ, ಅಂದರೆ ನಿಮ್ಮ ಸಾಧನದಲ್ಲೋ ಪಾಸ್‌ವರ್ಡ್ ಮ್ಯಾನೇಜರಿನಲ್ಲೋ ಇರುವ ಡಿಜಿಟಲ್ ಬೀಗದ ಕೈ. ಅದು ತನ್ನ ಜಾಲತಾಣವನ್ನು ತಾನೇ ಗುರುತಿಸುವುದರಿಂದ, ನೀವು ಮೋಸಹೋಗಿ ನಕಲಿ ಪುಟ ತೆರೆದರೂ ಅಲ್ಲಿ ಅದು ಕೆಲಸ ಮಾಡುವುದಿಲ್ಲ. ಇಮೇಲ್ ಸೇವೆ ಪಾಸ್‌ಕೀ ಕೊಡುತ್ತಿದ್ದರೆ ತೆಗೆದುಕೊಳ್ಳಿ.

ಜನ ಎಡವುವುದು ಇಲ್ಲಿ: ಎರಡು ಹಂತದ ದೃಢೀಕರಣ ಆನ್ ಮಾಡುವಾಗ ಖಾತೆ ಮರಳಿ ಪಡೆಯುವ ಸಂಕೇತಗಳ ಒಂದು ಪಟ್ಟಿ ಸಿಗುತ್ತದೆ. ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಮೊಬೈಲ್ ಕಳೆದುಹೋದ ದಿನ ತಮ್ಮದೇ ಮನೆಯ ಹೊರಗೆ ನಿಲ್ಲುತ್ತಾರೆ. ನೋಟ್‌ಪುಸ್ತಕ ಬೇಕೆಂದದ್ದು ಇದಕ್ಕಾಗಿಯೇ. ಆ ಸಂಕೇತಗಳನ್ನು ಕೈಯಿಂದ ಬರೆದು ಜೋಪಾನವಾಗಿಡಿ.

ಹಂತ 2: ಒಂದು ಬಾಗಿಲಿಗೆ ಒಂದೇ ಕೀಲಿಕೈ

2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳು ಸೋರಿಹೋದವು. ಕಂಪನಿ ಅವನ್ನು ಯಾವ ಮರೆಯೂ ಇಲ್ಲದೆ ಇದ್ದಂತೆಯೇ ಬರೆದಿಟ್ಟಿತ್ತು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456. ಆ ಪಟ್ಟಿ ಇಂದಿಗೂ ದಾಳಿಕೋರರ ಕೈಯಲ್ಲಿದೆ, ಅದಕ್ಕೆ ಹೊಸ ಸೋರಿಕೆಗಳು ಸೇರುತ್ತಲೇ ಇವೆ. ಒಂದು ಕಡೆ ಸೋರಿದ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಜೋಡಿಯನ್ನು ಪ್ರೋಗ್ರಾಂಗಳು ಇತರ ಸಾವಿರಾರು ಜಾಲತಾಣಗಳಲ್ಲಿ ಹಾಕಿ ನೋಡುತ್ತವೆ. ಎಲ್ಲ ಕಡೆಯೂ ಒಂದೇ ಪಾಸ್‌ವರ್ಡ್ ಇಟ್ಟವರು ಹೀಗೆಯೇ ಸಿಕ್ಕಿಬೀಳುತ್ತಾರೆ. ನಿಮ್ಮ ಪಾಸ್‌ವರ್ಡ್ ಎಷ್ಟೇ ಕಠಿಣವಾಗಿದ್ದರೂ ನೀವು ಮರೆತೇಬಿಟ್ಟ ಒಂದು ಹಳೆಯ ಅಂಗಡಿ ಜಾಲತಾಣ ಅದನ್ನು ಕಳೆದುಕೊಂಡರೆ ಸಾಕು.

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ನೆನಪಿಡುವುದು ಯಾರಿಂದಲೂ ಆಗದು. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಇದು ಎಲ್ಲ ಪಾಸ್‌ವರ್ಡ್‌ಗಳನ್ನೂ ಗೂಢಲಿಪಿಯಲ್ಲಿ ಇಟ್ಟು, ಒಂದೇ ಮುಖ್ಯ ಪಾಸ್‌ವರ್ಡಿನಿಂದ ತೆರೆಯುವ ಪೆಟ್ಟಿಗೆ. ಬಿಟ್‌ವಾರ್ಡನ್, ಕೀಪಾಸ್ ಎರಡೂ ಉಚಿತವಾಗಿ ಸಿಗುತ್ತವೆ. ಬ್ರೌಸರಿಗೆ ಜೋಡಿಸಿದ ಮ್ಯಾನೇಜರಿಗೆ ಇನ್ನೊಂದು ಗುಣವಿದೆ: ನಕಲಿ ಪುಟದಲ್ಲಿ ವಿಳಾಸ ಹೊಂದದಿದ್ದರೆ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ದಿನವೂ ತುಂಬುತ್ತಿದ್ದದ್ದು ಇಂದು ತುಂಬಲಿಲ್ಲವೆಂದರೆ ತಡೆದು ವಿಳಾಸ ನೋಡಿ.

ಮುಖ್ಯ ಪಾಸ್‌ವರ್ಡನ್ನು ಪದಗಳಿಂದ ಕಟ್ಟಿ. ಡೈಸ್‌ವೇರ್ ಎಂಬ ವಿಧಾನದಲ್ಲಿ 7,776 ಪದಗಳ ಪಟ್ಟಿ ಇರುತ್ತದೆ. ದಾಳವನ್ನು ಐದು ಸಲ ಉರುಳಿಸಿದರೆ ಒಂದು ಪದ ಸಿಗುತ್ತದೆ. ಹಾಗೆ ಆರು ಪದಗಳನ್ನು ಆರಿಸಿದರೆ ಸಾಧ್ಯತೆಗಳ ಸಂಖ್ಯೆ 24 ಅಂಕಿಗಳಷ್ಟು ಉದ್ದವಾಗುತ್ತದೆ. ನಿಮಗೆ ನೆನಪಿರುತ್ತದೆ, ಯಂತ್ರಕ್ಕೆ ಊಹಿಸಲಾಗದು. ಪದಗಳನ್ನು ದಾಳವೇ ಆರಿಸಬೇಕು ಎಂಬುದನ್ನು ಮರೆಯಬೇಡಿ. ನೀವೇ ಆರಿಸಿದರೆ ಮಕ್ಕಳ ಹೆಸರು, ಇಷ್ಟದ ಹಾಡು, ಹುಟ್ಟಿದ ಊರು ನುಸುಳಿಬಿಡುತ್ತವೆ.

ಎರಡು ಹಳೆಯ ನಂಬಿಕೆಗಳನ್ನು ಇಲ್ಲಿಯೇ ಬಿಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಲೇಬಾರದು ಎಂಬುದು ಮೊದಲನೆಯದು. ಕಚೇರಿಯ ಮೇಜಿಗೆ ಅದು ಸರಿ. ಆದರೆ ದೂರದ ದೇಶದ ಪ್ರೋಗ್ರಾಂ ನಿಮ್ಮ ಮನೆಯ ಕಪಾಟನ್ನು ತೆರೆಯಲಾರದು. ಮ್ಯಾನೇಜರ್ ಬೇಡವೆನ್ನುವ ಹಿರಿಯರು ಪುಸ್ತಕದಲ್ಲಿ ಬರೆದಿಟ್ಟುಕೊಂಡರೂ ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವುದಕ್ಕಿಂತ ಕ್ಷೇಮ. ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕೆಂಬುದು ಎರಡನೆಯದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಕಾಲಕಾಲಕ್ಕೆ ಬಲವಂತವಾಗಿ ಬದಲಾಯಿಸುವುದರ ವಿರುದ್ಧ ಸಲಹೆ ನೀಡಿತು, ಏಕೆಂದರೆ ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಸೋರಿಕೆಯ ಸುಳಿವು ಸಿಕ್ಕಾಗ ಬದಲಾಯಿಸಿ. ನಿಮ್ಮ ಇಮೇಲ್ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಇದೆಯೇ ಎಂದು ತೋರಿಸುವ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಉಚಿತ ಜಾಲತಾಣವಿದೆ. ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ್ದು.

ಹಂತ 3: ಅಪ್‌ಡೇಟ್ ಮುಂದೂಡಬೇಡಿ

2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಂವೇರ್ ಹರಡತೊಡಗಿತು. ನಿಮ್ಮ ಕಡತಗಳನ್ನು ಗೂಢಲಿಪಿಗೆ ಬದಲಾಯಿಸಿ, ಬಿಡಿಸಲು ಹಣ ಕೇಳುವ ಪ್ರೋಗ್ರಾಂಗೆ ರ‍್ಯಾನ್ಸಂವೇರ್ ಎನ್ನುತ್ತಾರೆ. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಅದಕ್ಕೆ ಸಿಲುಕಿದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಕಾಲ "ನಂತರ ನೆನಪಿಸು" ಗುಂಡಿ ಒತ್ತಿದವರು ಬೆಲೆ ತೆತ್ತರು. ಒಂದು ದೋಷಕ್ಕೆ ಪರಿಹಾರ ಬಂದ ದಿನ ಆ ದೋಷ ಎಲ್ಲಿದೆ ಎಂಬುದು ದಾಳಿಕೋರರಿಗೂ ತಿಳಿಯುತ್ತದೆ. ಅಂದಿನಿಂದ ಓಟ ಶುರು.

ಆಪರೇಟಿಂಗ್ ಸಿಸ್ಟಂನಲ್ಲಿ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಆನ್ ಆಗಿದೆಯೇ ನೋಡಿ. ಬ್ರೌಸರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಮುಚ್ಚಿ ತೆರೆಯಿರಿ. ಇಳಿದ ಅಪ್‌ಡೇಟ್ ಕೆಲಸಕ್ಕೆ ಬರುವುದು ಆಗಲೇ. ಬಳಸದ ತಂತ್ರಾಂಶಗಳನ್ನೂ ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳನ್ನೂ ತೆಗೆದುಹಾಕಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದರೆ ವಿಂಡೋಸ್ 11ಕ್ಕೆ ಹೋಗಿ. ಯಂತ್ರ ಹಳೆಯದಾಗಿ ಅದು ಸಾಧ್ಯವಿಲ್ಲದಿದ್ದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿಕೊಳ್ಳಬಹುದು.

ಎಚ್ಚರ: ಜಾಲತಾಣ ನೋಡುತ್ತಿರುವಾಗ ಪುಟದೊಳಗೇ "ನಿಮ್ಮ ಬ್ರೌಸರ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ" ಎಂದು ಬಂದರೆ ಅದನ್ನು ಒತ್ತಬೇಡಿ. ನಿಜವಾದ ಅಪ್‌ಡೇಟ್ ಬರುವುದು ತಂತ್ರಾಂಶದ ಸೆಟ್ಟಿಂಗ್ಸ್ ಒಳಗಿನಿಂದ.

ಹಂತ 4: ಆಂಟಿವೈರಸ್, ಫೈರ್‌ವಾಲ್, ಎರಡನೆಯ ಖಾತೆ

ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮೇಲೆ ಜನರಿಗೆ ನಂಬಿಕೆ ಬರುವುದಿಲ್ಲ. ಮನೆಯ ಬಳಕೆಗೆ ಅದು ಸಾಕು. ವಿಂಡೋಸ್ ಸೆಕ್ಯುರಿಟಿ ತೆರೆದು ಅದು ಮತ್ತು ಫೈರ್‌ವಾಲ್ ಎರಡೂ ಆನ್ ಇವೆಯೇ ಖಚಿತಪಡಿಸಿಕೊಳ್ಳಿ. ಹೊರಗಿನಿಂದ ಕರೆಯದೆ ಬರುವ ಸಂಪರ್ಕಗಳನ್ನು ತಡೆಯುವ ಕಾವಲುಗಾರ ಈ ಫೈರ್‌ವಾಲ್. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಓಡಿಸಬೇಡಿ. ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ.

ಇದಕ್ಕಿಂತ ಹೆಚ್ಚು ಪ್ರಯೋಜನದ, ಆದರೆ ಯಾರೂ ಮಾಡದ ಕೆಲಸವೊಂದಿದೆ. ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸುವ ಅಧಿಕಾರವುಳ್ಳ ಅಡ್ಮಿನ್ ಖಾತೆ ಒಂದನ್ನು ಬೇರೆಯಾಗಿಟ್ಟು, ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರ ಖಾತೆ ಮಾಡಿಕೊಳ್ಳಿ. ಆಗ ಯಾವುದೇ ಪ್ರೋಗ್ರಾಂ ಇಡೀ ವ್ಯವಸ್ಥೆಯನ್ನು ಬದಲಿಸಲು ಹೊರಟರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ನೀವೇನೂ ಮಾಡದಿರುವಾಗ ಅದು ಕೇಳಿತೆಂದರೆ ಉತ್ತರ "ಬೇಡ". ಮಕ್ಕಳಿಗೆ ಅವರದೇ ಬೇರೆ ಖಾತೆ ಇರಲಿ.

ಹಂತ 5: ಗಾಳವನ್ನು ಗುರುತಿಸುವುದು

ಯಾವ ತಂತ್ರಾಂಶವೂ ನಿಮಗಾಗಿ ಪೂರ್ತಿಯಾಗಿ ಮಾಡಿಕೊಡಲಾಗದ ಹಂತ ಇದು. ನಂಬಿಕೆ ಹುಟ್ಟಿಸಿ ನಿಮ್ಮಿಂದಲೇ ಮಾಹಿತಿ ಕಸಿಯುವುದಕ್ಕೆ ಫಿಶಿಂಗ್ ಎನ್ನುತ್ತಾರೆ. ಮೊದಲೆಲ್ಲ ಕಾಗುಣಿತದ ತಪ್ಪುಗಳಿಂದ ಅದನ್ನು ಗುರುತಿಸಬಹುದಿತ್ತು. ಈಗ ಕೃತಕ ಬುದ್ಧಿಮತ್ತೆಯ ನೆರವಿನಿಂದ ವಂಚಕರೂ ಶುದ್ಧವಾಗಿ ಬರೆಯುತ್ತಾರೆ, ಕನ್ನಡದಲ್ಲೂ. ಆದ್ದರಿಂದ ಭಾಷೆಯನ್ನು ನೋಡಬೇಡಿ, ಸಂದೇಶ ನಿಮ್ಮಿಂದ ಏನು ಮಾಡಿಸಲು ಹೊರಟಿದೆ ಎಂಬುದನ್ನು ನೋಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಅವರಿಗೂ ಗೊತ್ತು. ಅದಕ್ಕೇ "ಇಂದೇ", "24 ಗಂಟೆಯೊಳಗೆ", "ಇಲ್ಲದಿದ್ದರೆ ಖಾತೆ ಬಂದ್" ಎಂದು ಓಡಿಸುತ್ತಾರೆ. ಸಂದೇಶದೊಳಗಿನ ಕೊಂಡಿಯನ್ನೂ ದೂರವಾಣಿ ಸಂಖ್ಯೆಯನ್ನೂ ಬಿಟ್ಟು, ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ ನೋಡಿ. ಸುದ್ದಿ ನಿಜವಾಗಿದ್ದರೆ ಅಲ್ಲಿಯೂ ಕಾಣುತ್ತದೆ.

ವಿಳಾಸ ಓದಲು ಕಲಿಯಿರಿ. ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ನಂತರ ಬರುವ ಮೊದಲ ಓರೆಗೆರೆಯನ್ನು ಹುಡುಕಿ. ಅಲ್ಲಿಂದ ಎಡಕ್ಕೆ ಓದುತ್ತಾ ಹೋಗಿ. ಚುಕ್ಕಿಗಳಿಂದ ಬೇರೆಯಾದ, ಮೊದಲು ಸಿಗುವ ಎರಡು ತುಂಡುಗಳೇ ಆ ಪುಟದ ಯಜಮಾನ. ಕೆಲವು ದೇಶಗಳ ವಿಳಾಸಗಳಲ್ಲಿ ಮೂರು. "ನನ್ನಬ್ಯಾಂಕ್ ಡಾಟ್ ಕಾಮ್ ಡಾಟ್ ಪರಿಶೀಲನೆ ಡಾಟ್ ನೆಟ್" ಎಂದಿದ್ದರೆ ಅದು ಬ್ಯಾಂಕಿನದಲ್ಲ, "ಪರಿಶೀಲನೆ ಡಾಟ್ ನೆಟ್" ಎಂಬ ಯಾರದ್ದೋ ಪುಟ. ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವನ್ನು ನಂಬಿ ಕೆಟ್ಟವರು ಬಹಳ. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ತಲುಪುವ ಕೈ ಕಳ್ಳನದ್ದೇ ಆಗಿರಬಹುದು.

ಲಗತ್ತುಗಳ ವಿಷಯ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ವಿಷಯ ಹೊತ್ತ ಇಮೇಲ್ ಜಗತ್ತನ್ನು ಸುತ್ತಿತು. ಅದರೊಂದಿಗಿದ್ದ ಪ್ರೇಮಪತ್ರ ನೋಡಲು ಬರೀ ಪಠ್ಯದ ಕಡತ. ಆದರೆ ಹೆಸರಿನ ಕೊನೆಯಲ್ಲಿ, ವಿಂಡೋಸ್ ತಾನಾಗಿ ಮುಚ್ಚಿಡುತ್ತಿದ್ದ ಜಾಗದಲ್ಲಿ, ಅದು ಪ್ರೋಗ್ರಾಂ ಎಂದು ಹೇಳುವ ವಿಬಿಎಸ್ ಎಂಬ ಮೂರು ಅಕ್ಷರಗಳಿದ್ದವು. ತೆರೆದವರ ಚಿತ್ರಗಳನ್ನು ಅಳಿಸಿ, ಅವರ ಪರಿಚಿತರಿಗೆಲ್ಲ ತನ್ನನ್ನೇ ಅಂಚೆ ಮಾಡಿಕೊಂಡಿತು. ಕಡತದ ಬಗೆ ಹೇಳುವ ಆ ಬಾಲವನ್ನು ವಿಂಡೋಸ್ ಇಂದಿಗೂ ಮುಚ್ಚಿಡುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದು, 'ವ್ಯೂ' ಪಟ್ಟಿಯಲ್ಲಿ (ವಿಂಡೋಸ್ 11ರಲ್ಲಿ ಅದರೊಳಗಿನ 'ಶೋ' ಎಂಬಲ್ಲಿ) 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಪಿಡಿಎಫ್ ಎಂದುಕೊಂಡದ್ದರ ಕೊನೆಯಲ್ಲಿ ಇಎಕ್ಸ್‌ಇ, ವಿಬಿಎಸ್, ಜೆಎಸ್ ಅಥವಾ ಎಲ್‌ಎನ್‌ಕೆ ಕಂಡರೆ ಅಳಿಸಿಬಿಡಿ. ಕಳಿಸಿದವರು ಪರಿಚಿತರೇ ಆಗಿದ್ದರೂ ಇದೇ ನಿಯಮ.

ಈಚೆಗೆ ಹರಡಿರುವ ಒಂದು ಮೋಸವನ್ನು ದಯವಿಟ್ಟು ಮನೆಯವರಿಗೆಲ್ಲ ತಿಳಿಸಿ. "ನೀವು ರೋಬೋ ಅಲ್ಲವೆಂದು ತೋರಿಸಿ" ಎನ್ನುವ ಪುಟ ಬರುತ್ತದೆ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಹಾಗೆ ಮಾಡಿದರೆ ಆ ಪುಟ ಗುಟ್ಟಾಗಿ ನಕಲಿಸಿಟ್ಟ ಆದೇಶವನ್ನು ನಿಮ್ಮ ಕೈಯಿಂದಲೇ ಓಡಿಸಿದಂತೆ. ಯಾವ ಪ್ರಾಮಾಣಿಕ ಜಾಲತಾಣವೂ ಮನುಷ್ಯರೆಂದು ಸಾಬೀತುಪಡಿಸಲು ಹೀಗೆ ಹೇಳುವುದಿಲ್ಲ.

ಪೈರೇಟೆಡ್ ತಂತ್ರಾಂಶ, ಆಟಗಳ 'ಕ್ರ್ಯಾಕ್' ಕಡತಗಳ ಬಗ್ಗೆ ನನ್ನದು ಗಟ್ಟಿ ಮಾತು: ಬೇಡವೇ ಬೇಡ. ಅವು "ಮೊದಲು ಆಂಟಿವೈರಸ್ ಆಫ್ ಮಾಡಿ" ಎನ್ನುತ್ತವೆ. ಮನೆಯವರೇ ನಾಯಿಯನ್ನು ಕಟ್ಟಿಹಾಕಿ ಕಳ್ಳನನ್ನು ಕರೆದಂತೆ. ಇಂಥ ಕಡತಗಳಲ್ಲಿ ಬರುವ ಕುತಂತ್ರಾಂಶಗಳು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಕದಿಯುತ್ತವೆ. ಕುಕಿ ಎಂದರೆ ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂದು ಜಾಲತಾಣಕ್ಕೆ ನೆನಪಿಸುವ ಚೀಟಿ. ಅದು ಕಳ್ಳನಿಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಎರಡನೆಯ ಹಂತದ ಅಂಕಿಯೂ ಬೇಡ.

ಇನ್ನು, "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ" ಎಂದು ಕರೆ ಮಾಡಿದವರ ಮಾತು ಕೇಳಿ ದೂರನಿಯಂತ್ರಣದ ತಂತ್ರಾಂಶ ಹಾಕಿಕೊಳ್ಳಬೇಡಿ. ಫೋನ್ ಇಡುವುದು ಅಸಭ್ಯತೆಯಲ್ಲ.

ಹಂತ 6: ರೌಟರ್

ಮನೆಗೆ ಅಂತರಜಾಲ ತರುವ ಈ ಪೆಟ್ಟಿಗೆಯನ್ನು ಜೋಡಿಸಿದ ದಿನದ ನಂತರ ಯಾರೂ ತಿರುಗಿ ನೋಡುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಲ್ಲಿ ಇಟ್ಟ 'ಅಡ್ಮಿನ್' ಮೊದಲಾದ ಪಾಸ್‌ವರ್ಡ್‌ಗಳನ್ನು ಹಾಕಿ ನೋಡಿಯೇ. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ವೈಫೈ ಭದ್ರತೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆಗಿರಲಿ. ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಮತ್ತು ಹೊರಗಿನಿಂದ ನಿರ್ವಹಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿ. ಅತಿಥಿಗಳಿಗೆ ನಿಮ್ಮ ವೈಫೈ ಬದಲು, ರೌಟರಿನಲ್ಲೇ ಬೇರೆಯಾಗಿ ಮಾಡುವ ಅತಿಥಿ ಜಾಲ ಕೊಡಿ.

ಹಂತ 7: ಪ್ರತಿ ಇಡುವುದು

ಡಿಸ್ಕ್ ಕೆಡಬಹುದು, ಲ್ಯಾಪ್‌ಟಾಪ್ ಕಳುವಾಗಬಹುದು, ರ‍್ಯಾನ್ಸಂವೇರ್ ಬರಬಹುದು. ಮೂರಕ್ಕೂ ಮದ್ದು ಒಂದೇ, ಬ್ಯಾಕಪ್. ಮುಖ್ಯ ಕಡತಗಳ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ. ಕಂಪ್ಯೂಟರಿನದು ಒಂದು, ಹೊರಗಿನ ಡಿಸ್ಕಿನದು ಒಂದು, ಕ್ಲೌಡ್ ಸೇವೆಯದು ಇನ್ನೊಂದು ಎಂದರೂ ಆಯಿತು.

ಡಿಸ್ಕನ್ನು ಸದಾ ಚುಚ್ಚಿಟ್ಟಿರಬೇಡಿ. ಜೋಡಿಸಿದ್ದ ಡಿಸ್ಕಿಗೂ ರ‍್ಯಾನ್ಸಂವೇರ್ ಬೀಗ ಹಾಕುತ್ತದೆ. ವಾರಕ್ಕೊಮ್ಮೆ ಜೋಡಿಸಿ, ನಕಲಿಸಿ, ತೆಗೆದಿಡಿ. ಆಗಾಗ ಅದರಿಂದ ನಾಲ್ಕಾರು ಕಡತಗಳನ್ನು ತೆರೆದೂ ನೋಡಿ. ಒಮ್ಮೆ ನನ್ನ ಡಿಸ್ಕ್ ಕೆಟ್ಟಾಗ, ಎರಡು ವರ್ಷ ತಪ್ಪದೆ ಮಾಡಿದ್ದ ಬ್ಯಾಕಪ್‌ನಲ್ಲಿ ಫೋಟೋಗಳ ಫೋಲ್ಡರನ್ನೇ ಸೇರಿಸಿರಲಿಲ್ಲವೆಂದು ತಿಳಿಯಿತು. ಆ ಫೋಟೋಗಳು ಮರಳಿ ಸಿಗಲಿಲ್ಲ.

ಹಂತ 8: ಈಗಾಗಲೇ ಆಗಿಹೋಗಿದ್ದರೆ

ನಾಚಿಕೆಪಟ್ಟು ಮುಚ್ಚಿಡಬೇಡಿ, ತಡವಾದಷ್ಟೂ ಕಳ್ಳನಿಗೆ ಲಾಭ. ಮೊದಲು ಆ ಕಂಪ್ಯೂಟರನ್ನು ಅಂತರಜಾಲದಿಂದ ಬಿಡಿಸಿ. ಅದೇ ಯಂತ್ರದಲ್ಲಿ ಕುಳಿತು ಪಾಸ್‌ವರ್ಡ್ ಬದಲಿಸುವುದು ಎಲ್ಲರೂ ಮಾಡುವ ತಪ್ಪು, ಹೊಸ ಪಾಸ್‌ವರ್ಡೂ ಅದೇ ದಾರಿಯಲ್ಲಿ ಹೋಗುತ್ತದೆ. ಬೇರೆ ಸಾಧನದಿಂದ ಮೊದಲು ಇಮೇಲ್, ಆಮೇಲೆ ಹಣದ ಖಾತೆಗಳ ಪಾಸ್‌ವರ್ಡ್ ಬದಲಿಸಿ. ಪ್ರತಿ ಖಾತೆಯಲ್ಲೂ "ಎಲ್ಲ ಸಾಧನಗಳಿಂದ ಲಾಗ್‌ಔಟ್" ಆಯ್ಕೆ ಒತ್ತಿ. ಕದ್ದ ಕುಕಿಗಳು ಆಗಲೇ ನಿರುಪಯೋಗಿಯಾಗುತ್ತವೆ. ಹಣ ಹೋಗಿದ್ದರೆ ಇದೆಲ್ಲಕ್ಕೂ ಮುಂಚೆ, ಮೊದಲ ಕರೆ ಬ್ಯಾಂಕಿಗೆ, ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ. ರ‍್ಯಾನ್ಸಂವೇರ್ ಕೇಳುವ ಹಣ ಕೊಡಬೇಡಿ, ಕೊಟ್ಟರೂ ಕಡತ ಮರಳುವ ಖಾತರಿಯಿಲ್ಲ. ಯುರೋಪಿನ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಪಾಲುದಾರರಾಗಿರುವ 'ನೋ ಮೋರ್ ರ‍್ಯಾನ್ಸಂ' ಜಾಲತಾಣದಲ್ಲಿ ಕೆಲವು ಬಗೆಯ ರ‍್ಯಾನ್ಸಂವೇರ್ ಬಿಡಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ.

ಕುತಂತ್ರಾಂಶ ಓಡಿದ್ದು ಖಚಿತವಾದರೆ ಶುಚಿಗೊಳಿಸುವ ಗೋಜಿಗೆ ಹೋಗದೆ, ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿ. ಬ್ಯಾಕಪ್‌ನಿಂದ ಚಿತ್ರ, ದಾಖಲೆಗಳನ್ನು ಮಾತ್ರ ಮರಳಿ ತನ್ನಿ. ಪ್ರೋಗ್ರಾಂಗಳನ್ನು ತಯಾರಕರ ಜಾಲತಾಣದಿಂದಲೇ ಮತ್ತೆ ಇಳಿಸಿಕೊಳ್ಳಿ. ಕೊನೆಯದಾಗಿ ಇಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಮತ್ತು 'ಫಿಲ್ಟರ್' ಎಂಬ ಎರಡು ಪುಟಗಳನ್ನು ತೆರೆಯಿರಿ. ನಿಮಗೆ ಬರುವ ಅಂಚೆಯ ಪ್ರತಿ ತನಗೂ ಬರುವಂತೆ ಕಳ್ಳ ಅಲ್ಲಿ ಒಂದು ವಿಳಾಸ ಬರೆದಿಟ್ಟು ಹೋಗಿರಬಹುದು. ಪಾಸ್‌ವರ್ಡ್ ಬದಲಾಯಿಸಿದರೂ ಅದು ತಾನಾಗಿ ಅಳಿಯುವುದಿಲ್ಲ, ನೀವೇ ಅಳಿಸಬೇಕು.